ಹೂವಿನ ಓಣಿಗೆ ನೀರು ಬರುವ ಮೊದಲು

ಪಾರ್ಸಲ್ ಬಂದಾಗ ಗೀತಾಂಜಲಿ ಮಗಳಿಗೆ ಅನ್ನ ಉಣಿಸುತ್ತಿದ್ದಳು. ಮುಂದಿನ ಕೋಣೆಯ ಅಂಗಡಿಯಿಂದ ಗಂಡ ಗುರುಶಾಂತ, "ಲೇ ಗೀತಾ, ನಿನ್ನ ಬಂಗಾರ ಬಂತು ನೋಡು!" ಎಂದು ಕೂಗಿದ್ದೇ ತಡ, ಕೈಯಲ್ಲಿದ್ದ ತುತ್ತು ಮಗುವಿನ ಬಾಯಿಗೆ ಹೋಗದೆ ತಟ್ಟೆಗೆ ಮರಳಿತು. ಎರಡು ವರ್ಷದ ಅಮೃತಾ ಬಾಯಿ ತೆರೆದುಕೊಂಡೇ ಕುಳಿತಿದ್ದಳು. ಅವಳವ್ವ ಆಗಲೇ ಪರದೆ ಸರಿಸಿ ಅಂಗಡಿಯೊಳಗೆ ನುಗ್ಗಿ, ಅನ್ನ ಮೆತ್ತಿದ ಕೈಯನ್ನು ಮೇಲೆತ್ತಿ ಹಿಡಿದು, ಇನ್ನೊಂದು ಕೈಯಿಂದ ಪಾರ್ಸಲಿನ ಟೇಪು ಹರಿಯುತ್ತಿದ್ದಳು.

ಒಳಗಿದ್ದದ್ದು ಕೋಟಿನ ಗುಂಡಿಯಷ್ಟು ದೊಡ್ಡ ಕಪ್ಪು ಬಿಲ್ಲೆ, ಅದಕ್ಕೊಂದು ಉದ್ದ ತಂತಿ. ಕಾರು ಹಿಂದೆ ಸರಿಯುವಾಗ ಗೋಡೆ ಹತ್ತಿರ ಬಂತೆಂದು ಕುಂಯ್‌ಗುಡುತ್ತದಲ್ಲ, ಅದೇ ಜಾತಿಯ ಸೆನ್ಸರ್. ನೀರು ಸಿಡಿದರೂ ಕೆಡುವುದಿಲ್ಲ. ಬೆಲೆಯೂ ಒಂದು ಸಾದಾ ಸೀರೆಗಿಂತ ಕಡಿಮೆ.

"ಇದಕ್ಕೇನು ದಿನಾ ಬಾಗಲಾ ಕಾಯ್ತಿದ್ದಿ?" ಎಂದ ಗುರುಶಾಂತ.

"ಗಟಾರದಾಗ ನೀರು ಎಷ್ಟೈತಿ ಅಂತ ಇದಕ್ಕ ಕಾಣ್ತೈತ್ರಿ."

"ಗಟಾರ ನನಗೂ ಕಾಣ್ತೈತಿ. ನನ್ನ ಮೂಗಿಗಂತೂ ಇನ್ನೂ ಚಲೋ ಕಾಣ್ತೈತಿ."

ಅವಳು ನಗಲಿಲ್ಲ. ನಗಲು ಪುರುಸೊತ್ತು ಇರಲಿಲ್ಲ. ಮಿರಗದ ಮಳೆ ಆಗಲೇ ಹೂಡಿತ್ತು, ಈ ಬಿಲ್ಲೆ ಕೂಡಿಸಬೇಕಾದ ಪೆಟ್ಟಿಗೆ ಇನ್ನೂ ತಯಾರಾಗಿರಲಿಲ್ಲ.

ಗೀತಾಂಜಲಿ ಕೊಟ್ಟೂರಿನ ಮಗಳು. ಹರಪನಹಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿ ಹೂವಿನಹಡಗಲಿಗೆ ಸೊಸೆಯಾಗಿ ಬಂದವಳು. ಗುರುಶಾಂತನ ಮೊಬೈಲ್ ರಿಪೇರಿ ಅಂಗಡಿ ಹೂವಿನ ಓಣಿಯ ತುದಿಯಲ್ಲಿದೆ. ಮುಂದೆ ಅಂಗಡಿ, ಹಿಂದೆ ಮನೆ. ಬೋರ್ಡಿನ ಮೇಲೆ ಅವನ ಹೆಸರಿದೆ. ಗಿರಾಕಿಗಳು ಫೋನು ಕೊಡುವುದೂ ಅವನ ಕೈಗೇ. ಅವನು "ಸಂಜಿ ಬರ್ರಿ" ಎಂದು ಹೇಳಿ ಅದನ್ನು ಪರದೆಯ ಹಿಂದಕ್ಕೆ ಚಾಚುತ್ತಾನೆ. ಕೂದಲೆಳೆಯಂಥ ಬೆಸುಗೆಯೆಲ್ಲ ಪರದೆಯ ಹಿಂದೆ ಆಗುತ್ತದೆ. ಯಾರಾದರೂ ಕೆಣಕಿದರೆ ಅವನು ನಾಚುವವನಲ್ಲ. "ನಾ ಬಾಯಿ, ಆಕಿ ಕೈ. ಅಂಗಡಿಗೆ ಎರಡೂ ಬೇಕಲ್ರಿ" ಎನ್ನುತ್ತಾನೆ. ಅಮೃತಾ ಅಂಬೆಗಾಲಿಡಲು ಕಲಿತ ಮೇಲೆ ಬೆಸುಗೆಯ ಮೇಜಿಗೆ ಇಟ್ಟಂಗಿ ಕೊಟ್ಟು ಎದೆಯೆತ್ತರಕ್ಕೆ ಏರಿಸಿದ್ದಾಯಿತು. ಗೀತಾಂಜಲಿ ಈಗ ನಿಂತೇ ಕೆಲಸ ಮಾಡುತ್ತಾಳೆ. ಸೊಂಟ ಹಿಡಿದುಕೊಳ್ಳುತ್ತದೆ, ಆದರೆ ಕಾದ ಕಡ್ಡಿ ಮಗಳ ಕೈಗೆ ಎಟಕುವುದಿಲ್ಲ.

ಊರಿನ ಮೇಲ್ಭಾಗದ ಬಡಾವಣೆಗಳ ಮಳೆನೀರನ್ನೆಲ್ಲ ಹೊತ್ತು ತರುವ ದೊಡ್ಡ ಚರಂಡಿ, ಹಳೆಯ ಹತ್ತಿ ಮಿಲ್ಲಿನ ಪಕ್ಕದ ಮೋರಿಯ ಕೆಳಗೆ ನುಸುಳಿ, ಒಂದು ತಿರುವು ಹೊಡೆದು ಹೂವಿನ ಓಣಿಗೆ ಬರುತ್ತದೆ. ಓಣಿ ತಗ್ಗಿನಲ್ಲಿದೆ. ಮೇಲೆ ಮೋಡ ಒಡೆದರೆ, ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ನೀರು ಬಂದುಬಿಡುತ್ತದೆ. ಮಲ್ಲಿಗೆ ಕಟ್ಟಿ ಮಾರುವ ಹೆಂಗಸರು ಸಾಲಾಗಿ ಕುಳಿತುಕೊಳ್ಳುವುದು ಆ ಚರಂಡಿಯ ಅಂಚಿನಲ್ಲೇ. ಅಲ್ಲಿ ಬೇವಿನ ನೆರಳಿದೆ, ಬಸ್ಸಿಗೆ ಹೋಗುವ ಗಿರಾಕಿಗೆ ಎದುರಾಗಿಯೇ ಕಾಣುತ್ತದೆ. ಬೇರೆ ಕಡೆ ಕುಳಿತುಕೊಳ್ಳಿರೆಂದು ಹೇಳಿದರೆ ಅವರು ಹೇಳಿದವರನ್ನೇ ಬೇರೆ ಕಡೆ ಕಳಿಸುತ್ತಾರೆ.

ಹೋದ ವರ್ಷದ ಮಳೆಯಲ್ಲಿ ಹಾಗೇ ನೀರು ಏರಿತು. ಹೂಳು ತೆಗೆಯಲೆಂದು ಯಾರೋ ಚರಂಡಿ ದಾಟಲು ಅಲ್ಲಲ್ಲಿ ಹಾಸಿದ್ದ ಕಲ್ಲುಗಳಲ್ಲಿ ಒಂದನ್ನು ಸರಿಸಿದ್ದರು. ಕೆಂಪು ನೀರು ಮೇಲೆ ಹರಡಿದ ಮೇಲೆ ಕಲ್ಲೆಲ್ಲಿ, ಬಾಯೆಲ್ಲಿ ಗೊತ್ತಾಗಬೇಕಲ್ಲ. ಆ ಸಾಲಿನಲ್ಲೇ ಹೂ ಮಾರುವ ಗೀತಾಂಜಲಿಯ ಅತ್ತೆ ನಾಗಲಿಂಗಮ್ಮ ಬುಟ್ಟಿ ಎತ್ತಿಕೊಂಡು ಏಳುವಷ್ಟರಲ್ಲಿ ಸೊಂಟದವರೆಗೆ ಒಳಗಿಳಿದುಬಿಟ್ಟಳು. ಪಕ್ಕದಲ್ಲಿದ್ದ ಹಿರಿಯ ಹೂವಾಡಗಿತ್ತಿ ಜಂಬಮ್ಮ ಕೈಗೆ ಸಿಕ್ಕಿದ ತುರುಬನ್ನೇ ಹಿಡಿದು ಎಳೆದು ಉಳಿಸಿದಳು. "ಜೀವ ಉಳಿಸಿದಳು ಖರೆ, ಇದ್ದ ನಾಕು ಕೂದಲಾ ಕಿತ್ತಳು" ಎಂದು ನಾಗಲಿಂಗಮ್ಮ ಈಗ ನಗುತ್ತಾಳೆ. ಎಡಗಾಲು ಮಾತ್ರ ಮೊದಲಿನಂತೆ ಮಡಚುವುದಿಲ್ಲ.

ಆ ಕಾಲಿಗೆ ಎಣ್ಣೆ ತಿಕ್ಕುತ್ತ ಕುಳಿತಾಗಲೇ ಗೀತಾಂಜಲಿಗೆ ಹೊಳೆದದ್ದು: ಮೋರಿ ದಾಟಿದ ನೀರು ಓಣಿಗೆ ಬರಲು ಒಂದು ಚಹಾ ಕುದಿಯುವಷ್ಟು ಹೊತ್ತು ಬೇಕು. ಮೋರಿಯ ಬಳಿ ನೀರು ಏರಿದ್ದು ಓಣಿಗೆ ಆ ಕ್ಷಣವೇ ತಿಳಿದುಬಿಟ್ಟರೆ? ಅಷ್ಟು ಹೊತ್ತಿನಲ್ಲಿ ಬುಟ್ಟಿ ಎತ್ತಬಹುದು, ಮಗುವನ್ನು ಎತ್ತಬಹುದು, ಅತ್ತೆಯನ್ನೂ ಎತ್ತಬಹುದು. ಮುಂದಿನ ಸಲ ನೀರು ಬಂದಾಗ ಆ ಅಂಚಿನಲ್ಲಿ ಒಬ್ಬರೂ ಇರಬಾರದು. ಅಷ್ಟೇ ಅವಳ ಹಟ.

ಪೆಟ್ಟಿಗೆ ಮಾಡಲು ಅಂಗಡಿಯಲ್ಲಿದ್ದದ್ದೇ ಬಹಳಷ್ಟು ಸಾಕಾಯಿತು. ಸತ್ತ ಫೋನುಗಳ ಬದುಕಿರುವ ಬ್ಯಾಟರಿಗಳು, ಸಿಮ್ ಹಾಕುವ ಒಂದು ಸಣ್ಣ ಬೋರ್ಡು, ಮಗುವಿನ ಸ್ಲೇಟಿನಷ್ಟು ಸೋಲಾರ್ ಫಲಕ. ನೀರು ಹೋಗದಂಥ ಗಟ್ಟಿ ಡಬ್ಬಿ ಮಾತ್ರ ಎಲ್ಲೂ ಸಿಗಲಿಲ್ಲ. ಕೊನೆಗೆ ಅವಳ ಕಣ್ಣು ಅಡುಗೆಮನೆಯ ಮೇಲೆ ಬಿತ್ತು.

"ನನ್ನ ಹುಣಸಿಹಣ್ಣಿನ ಡಬ್ಬಿ ಎಲ್ಲಿ?" ಎಂದು ನಾಗಲಿಂಗಮ್ಮ ಮರುದಿನ ಕೇಳಿದಾಗ ಗೀತಾಂಜಲಿ ಮೆಲ್ಲಗೆ ಪರದೆಯ ಹಿಂದೆ ಸರಿದಳು.

ಪುರಸಭೆಯ ಇಂಜಿನಿಯರ್ ಅರುಣಕುಮಾರ್ ಒಡೆದ ಫೋನು ಹಿಡಿದು ಅಂಗಡಿಗೆ ಬಂದಿದ್ದವರು, ಪರದೆಯ ಹಿಂದೆ ಇದನ್ನೆಲ್ಲ ಕಂಡು ಹತ್ತು ಪ್ರಶ್ನೆ ಕೇಳಿದರು. ಅವರೇ ಓಡಾಡಿ, ಮೋರಿಯ ಕೆಳಗೆ ಪೆಟ್ಟಿಗೆ ಕೂಡಿಸಲು, ಓಣಿಯ ಕಂಬಕ್ಕೆ ಸೈರನ್ ಕಟ್ಟಲು ಒಪ್ಪಿಗೆ ಕೊಡಿಸಿದರು. "ಈ ಮಳಿಗಾಲ ನೋಡೋಣ್ರಿ. ಆದ್ರ ಸುಮ್‌ಸುಮ್ನ ಕೂಗಿ ಜನಾನ ಗಾಬರಿ ಮಾಡಿತು ಅಂದ್ರ, ನಾನ ಬಂದು ಬಿಚ್ಚಿಸಬೇಕಾಗತೈತಿ" ಎಂದೂ ಹೇಳಿದರು.

ಪೆಟ್ಟಿಗೆ ಕೂಡಿಸಿದ ದಿನ ಅರ್ಧ ಓಣಿ ಮೋರಿಯ ಬಳಿ ನೆರೆಯಿತು. ಗೀತಾಂಜಲಿ ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು, ಏಣಿ ಇಳಿದು, ಒಣಗಿದ ಚರಂಡಿಯಲ್ಲಿ ನಿಂತಳು. ನಾಗಲಿಂಗಮ್ಮ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಮೇಲಿನಿಂದ ಬಗ್ಗಿ ನೋಡಿದವಳೇ, "ಅಯ್ಯಯ್ಯ, ನನ್ನ ಡಬ್ಬಿ!" ಎಂದಳು. ಎಲ್ಲರೂ ಘೊಳ್ಳೆಂದರು.

ಜಂಬಮ್ಮ ಕೈಯಲ್ಲಿ ಹೂವಿನ ದಾರ ಹಿಡಿದುಕೊಂಡೇ ಬಂದಿದ್ದಳು. "ಏನವ್ವ ಗೀತವ್ವ, ಗಟಾರಕ್ಕ ಫೋನ್ ಹಚ್ಚಾಕ ಹತ್ತೀಯಂತ? ಯಾರ ಕೂಡ ಮಾತಾಡತೈತದು?"

"ನಿನ್ನ ಕೂಡನ ಜಂಬಕ್ಕ. ನೀರು ಬಂದ್ರ 'ಏಳು' ಅಂತೈತಿ."

"ನನಗ ಏಳು ಅನ್ನಾಕ ನನ್ನ ಗಂಡಗ ಧೈರ್ಯ ಇದ್ದಿಲ್ಲ. ಹುಣಸಿ ಡಬ್ಬಿಗೆ ಐತೇನು?"

ಗೀತಾಂಜಲಿ ನಗುತ್ತಲೇ ಕತ್ತೆತ್ತಿ ವಿವರಿಸಿದಳು. "ಬಾವ್ಯಾಗ ಬಗ್ಗಿ 'ಓ' ಅಂದ್ರ ದನಿ ತಿರುಗಿ ಬರತೈತಲ್ಲ? ನೀರು ಆಳಕ್ಕಿದ್ರ ತಡಾ ಮಾಡಿ ಬರತೈತಿ, ಮ್ಯಾಲಿದ್ರ ಲಗೂನ ಬರತೈತಿ. ಈ ಬಿಲ್ಲಿನೂ ಕೆಳಗ ನೋಡಿಕೋಂತ ಹಂಗ ಕೂಗತಿರತೈತಿ. ನಮ್ಮ ಕಿವಿಗೆ ಕೇಳಂಗಿಲ್ಲ, ಅಷ್ಟ."

ಗುರುಶಾಂತ ಒಂದು ಸ್ಟೀಲ್ ತಾಟನ್ನು ಸೆನ್ಸರಿನ ಕೆಳಗೆ ಹಿಡಿದು, ನೀರು ಏರುವಂತೆ ಮೆಲ್ಲಗೆ ಮೇಲೆತ್ತತೊಡಗಿದ. ಗೀತಾಂಜಲಿಯ ಫೋನಿನಲ್ಲಿ ಅಂಕಿ ಇಳಿಯುತ್ತ ಬಂತು. ಇನ್ನೊಂದು ಗೇಣು, ಇನ್ನೊಂದು ಬೆರಳು. ಆಗ ದೂರದ ಓಣಿಯಿಂದ ಸೈರನ್ ಕುಂಯ್ಯೆಂದು ಎದ್ದಿತು! ನಾಯಿಗಳು ಅದಕ್ಕೆ ದನಿಗೂಡಿಸಿದವು. ಹೆಂಗಸರು ಚಪ್ಪಾಳೆ ಹೊಡೆದರು. ಅಮೃತಾ ಅಜ್ಜಿಯ ಸೊಂಟದ ಮೇಲೇ ಕುಣಿಯುತ್ತ "ಕುಂಯ್! ಕುಂಯ್!" ಎಂದಳು. ಗೀತಾಂಜಲಿ ಚರಂಡಿಯೊಳಗೆ ನಿಂತುಕೊಂಡೇ ಒಂದು ಸಲ ಎಗರಿದಳು. ಕಾಲಿಗೆ ಮೆತ್ತಿದ ಹೂಳಿನ ಪರಿವೆಯೂ ಇರಲಿಲ್ಲ.

ಆ ಸಂಭ್ರಮ ಮಣ್ಣೆತ್ತಿನ ಅಮಾವಾಸ್ಯೆಯವರೆಗೆ ನಡೆಯಿತು.

ಅಮಾವಾಸ್ಯೆಯ ದಿನ ಹೂವಿಗೆ ಎಲ್ಲಿಲ್ಲದ ಗಿರಾಕಿ. ಮಾಗಳದ ಕಡೆಯಿಂದ ಮೊಗ್ಗಿನ ಬುಟ್ಟಿಗಳು ಬಂದು ಇಳಿದಿದ್ದವು. ಮಕ್ಕಳು ಮಣ್ಣಿನ ಎತ್ತುಗಳನ್ನು ಹಲಗೆಯ ಮೇಲಿಟ್ಟುಕೊಂಡು ಮನೆಗೆ ಹೊರಟಿದ್ದರು. ಮೋಡವೆಂಬುದರ ಸುಳಿವೂ ಇರಲಿಲ್ಲ. ಅಂಥ ಕಡು ಬಿಸಿಲಿನಲ್ಲಿ ಸೈರನ್ ಕೂಗಿತು.

"ನೀರು! ನೀರು ಬಂತ್ರೇ!"

ಓಣಿಗೆ ಓಣಿಯೇ ಎದ್ದಿತು. ತಕ್ಕಡಿಗಳು ಉರುಳಿದವು. ಗಿರಾಕಿಗಳು ಕೊಂಡವರು ಕೊಳ್ಳದವರೆಲ್ಲ ಒಟ್ಟಿಗೇ ಓಡಿದರು. ಜಂಬಮ್ಮನ ದೊಡ್ಡ ಬುಟ್ಟಿ ಬೋರಲಾಗಿ ಮೊಗ್ಗು ರಸ್ತೆಯ ತುಂಬ ಹರಡಿತು. ಎಲ್ಲಿಂದಲೋ ಎರಡು ಆಡು ಬಂದು ಮೇಯತೊಡಗಿದವು. ಎಲ್ಲರೂ ಎದುರಿನ ಎತ್ತರದ ಕಟ್ಟೆ ಹತ್ತಿ ಚರಂಡಿಯನ್ನೇ ನೋಡುತ್ತ ನಿಂತರು. ನೋಡಿದರು, ನೋಡಿದರು. ಚರಂಡಿಯಲ್ಲಿ ಒಂದು ಕೋಳಿ ಕೆದಕುತ್ತಿತ್ತು.

"ಗೀತವ್ವ," ಎಂದಳು ಜಂಬಮ್ಮ, ಆಡುಗಳಿಗೆ ಕಲ್ಲು ಬೀರುತ್ತ. "ನಿನ್ನ ಡಬ್ಬಿಗೆ ಹುಣಸಿ ಹುಳಿ ಹತ್ತೈತಿ. ನನ್ನ ಅಮಾಸಿ ವ್ಯಾಪಾರ ಆಡಿನ ಹೊಟ್ಟಿ ಸೇರಿತು!"

ಗೀತಾಂಜಲಿಗೆ ಮುಖ ಎತ್ತಲಾಗಲಿಲ್ಲ. ಅಷ್ಟರಲ್ಲಿ ಅರುಣಕುಮಾರ್ ಅವರ ಫೋನು. "ಮೇಡಂ, ಆಫೀಸಿಗೆ ಜನ ಫೋನ್ ಮಾಡಿ ಬೈಯಾಕ ಹತ್ಯಾರ. ಇನ್ನೊಮ್ಮಿ ಹಿಂಗಾದ್ರ ನನ್ನ ಕೈಯಾಗ ಇರಂಗಿಲ್ಲ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಗಂಡಹೆಂಡತಿ ಏಣಿ ಹೊತ್ತು ಮೋರಿಗೆ ಓಡಿದರು. ಗುರುಶಾಂತ ಕೆಳಗಿಳಿದು ಟಾರ್ಚ್ ಬಿಟ್ಟ. ಆಮೇಲೆ ಅವನ ಭುಜ ಅಲುಗತೊಡಗಿತು. ಮೋರಿಯೊಳಗಿಂದ ಅವನ ನಗು ಗುಂಯ್ಯೆಂದು ಮೊಳಗಿತು.

"ಗೀತಾ, ಬಾ, ಬಾ! ನಿನ್ನ ಡಬ್ಬಿ ದೇವರಾಗೈತಿ!"

ಪೆಟ್ಟಿಗೆಯ ಮೈಗೆ ಮೂರು ಬೆರಳಿನ ವಿಭೂತಿ. ಅದರ ನಡುವೆ ಕುಂಕುಮ. ಮೇಲೆ ಮಾರುದ್ದದ ಮಲ್ಲಿಗೆ ಮಾಲೆ. ಅದರ ಒಂದು ತುದಿ ಸೆನ್ಸರಿನ ಮುಂದೆಯೇ ದಪ್ಪಗೆ ಜೋತು ಬಿದ್ದಿತ್ತು. ಕೆಳಗೆ ನೋಡಬೇಕಾದ ಬಿಲ್ಲೆಗೆ ಮೂಗಿನ ತುದಿಯಲ್ಲೇ ಏನೋ ತಗುಲಿದೆ. ನೀರು ಕಂಠದವರೆಗೆ ಬಂತೆಂದು ಅದು ಪ್ರಾಮಾಣಿಕವಾಗಿಯೇ ಕೂಗಿಕೊಂಡಿದೆ. ಮಾಲೆಯ ನಡುನಡುವೆ ಮರುಗದ ಹಸಿರು ಕುಡಿಗಳಿದ್ದವು. ಹಾಗೆ ಮರುಗ ಸೇರಿಸಿ ಕಟ್ಟುವವಳು ಓಣಿಯಲ್ಲಿ ಒಬ್ಬಳೇ.

ಗೀತಾಂಜಲಿ ಆ ಮಾಲೆಯನ್ನು ತಂದು ಜಂಬಮ್ಮನ ಮಡಿಲಿಗೆ ಹಾಕಿದಳು. "ಜಂಬಕ್ಕ, ಇದು ಯಾರ ಹೂ?"

ಜಂಬಮ್ಮ ಗುರುತು ಹಿಡಿದಳು. ಹಿಂಜರಿಯಲಿಲ್ಲ. "ನಂದ. ಅಮಾಸಿ ದಿನ ತಕ್ಕಡಿಗೆ ಪೂಜಿ ಮಾಡ್ತೀವಿ, ಕತ್ತರಿಗೆ ಮಾಡ್ತೀವಿ, ಆಟೋಕ್ಕ ಮಾಡ್ತೀವಿ. ಓಣಿ ಕಾಯೋ ಡಬ್ಬಿ ಏನು ಪಾಪ ಮಾಡಿತ್ತವ್ವ? ನಸುಕಿನ್ಯಾಗ ಹೋಗಿ, ಏಣಿ ಇಳದು ಏರಿಸಿ ಬಂದೆ. ಗಾಳಿಗೆ ಜಾರೈತೇನೋ."

"ಅದು ನಿನ್ನ ಹೂವ್ನ ನೀರು ಅಂದ್ಕೊಂತು."

ಜಂಬಮ್ಮ ಮಾಲೆಯನ್ನು ನೋಡಿದಳು, ಖಾಲಿ ಬುಟ್ಟಿಯನ್ನು ನೋಡಿದಳು. "ಹಂಗಾರ ನನ್ನ ಬುಟ್ಟಿ ನಾನ ಚೆಲ್ಲಿಕೊಂಡೆ ಅನ್ನು!" ಎಂದು ತಲೆಗೆ ಕೈಹಚ್ಚಿದಳು. ನಾಗಲಿಂಗಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಸಂಜೆಯ ಹೊತ್ತಿಗೆ ಇಡೀ ಓಣಿಗೆ ಸುದ್ದಿ ಹಬ್ಬಿ, ಸಿಟ್ಟು ಇಳಿದು ಗೇಲಿ ಏರಿತು. ಹಣೆಗೆ ವಿಭೂತಿ ಹಚ್ಚಿದವರು ಯಾರು ಕಂಡರೂ, "ಕೂಗಬ್ಯಾಡಪ್ಪೋ" ಎನ್ನುವ ಆಟ ಶುರುವಾಯಿತು.

ಗೀತಾಂಜಲಿ ಎರಡು ಕೆಲಸ ಮಾಡಿದಳು. ಮೋರಿಯ ಹೊರಗಿನ ಗೋಡೆಗೆ ಒಂದು ಸಣ್ಣ ಕಬ್ಬಿಣದ ಹಲಗೆ ಬಡಿಸಿ, "ಪೂಜಿ ಮಾಡೋರು ಇಲ್ಲಿ ಮಾಡ್ರಿ, ಒಳಗ ಕೈಯಿಡಬ್ಯಾಡ್ರಿ" ಎಂದಳು. ಭಕ್ತಿಯನ್ನು ಬೇಡವೆನ್ನಲು ಅವಳಿಗೆ ಮನಸ್ಸಿರಲಿಲ್ಲ, ಜಾಗ ತೋರಿಸಿದರೆ ಸಾಕಿತ್ತು. ಎರಡನೆಯದು ಪೆಟ್ಟಿಗೆಗೆ ಕಲಿಸಿದ ಹೊಸ ಬುದ್ಧಿ. ಹೂವಾದರೆ ಒಮ್ಮೆಲೇ ಮುಂದೆ ಬಂದು ನಿಲ್ಲುತ್ತದೆ. ನೀರಾದರೆ ತುಸುತುಸುವೇ ಏರುತ್ತದೆ. ಆದ್ದರಿಂದ ಅಂಕಿ ಒಮ್ಮೆಲೇ ಹಾರಿದರೆ ಸೈರನ್ ಕೂಗಬಾರದು, ಅವಳ ಫೋನಿಗೆ ಮಾತ್ರ ಒಂದು ಸಂದೇಶ ಬರಬೇಕು. ಮೆಲ್ಲಗೆ ಏರಿದರೆ ಮಾತ್ರ ಕೂಗಬೇಕು. ಗುರುಶಾಂತ ತಾಟನ್ನು ಫಕ್ಕನೆ ಹಿಡಿದ, ಸೈರನ್ ಸುಮ್ಮನಿತ್ತು. ಮೆಲ್ಲಗೆ ಎತ್ತಿದ; ಕೂಗಿತು. "ಈಗ ಶ್ಯಾಣ್ಯಾ ಆತು" ಎಂದ.

ಆರಿದ್ರಾ ಮಳೆಯ ಒಂದು ಮಧ್ಯಾಹ್ನ. ಗೀತಾಂಜಲಿ ಬಚ್ಚಲಲ್ಲಿ ಮಗಳಿಗೆ ಮೈ ತೊಳೆಯುತ್ತಿದ್ದಳು. ಗುರುಶಾಂತ ಸಾಮಾನು ತರಲು ಕೂಡ್ಲಿಗಿಗೆ ಹೋಗಿದ್ದ. ಕಿಟಕಿಯಲ್ಲಿ ಟಿಣ್ಣೆಂದ ಫೋನನ್ನು ಅವಳು ಸೋಪಿನ ಕೈಯಲ್ಲೇ ಎತ್ತಿ ನೋಡಿದಳು. 'ಅಂಕಿ ಒಮ್ಮೆಲೇ ಹಾರಿದೆ' ಎಂಬ ಪೆಟ್ಟಿಗೆಯ ಸಂದೇಶ. ಹೂವಿನ ಸಂದೇಶ.

ಮತ್ತೆ ಯಾರೋ ಒಳಗೆ ಕೈಯಿಟ್ಟಿದ್ದಾರೆ ಎಂದುಕೊಂಡು ಅವಳು ಫೋನು ಕೆಳಗಿಡಲಿದ್ದಳು. ಆದರೆ ಇವತ್ತು ಅಮಾವಾಸ್ಯೆಯಲ್ಲ, ಸೋಮವಾರವೂ ಅಲ್ಲ. ಅವಳು ಕಿಟಕಿಯಿಂದ ಇಣುಕಿದಳು. ಓಣಿಯ ಮೇಲೆ ಬಿಸಿಲು ಬಿದ್ದಿತ್ತು. ಮೇಲಿನ ಬಡಾವಣೆಯ ಕಡೆ ಮಾತ್ರ ಆಕಾಶ ಕಾದ ಹಂಚಿನ ತಳದಂತೆ ಕಪ್ಪಾಗಿತ್ತು.

ನೀರು ಯಾವಾಗಲೂ ತುಸುತುಸುವೇ ಏರುತ್ತದೆಂದು ಹೇಳಿದವರು ಯಾರು? ತಾನೇ. ಮೇಲೆಲ್ಲೋ ಪ್ಲಾಸ್ಟಿಕ್ಕು, ಕಸಕಡ್ಡಿ ಚರಂಡಿಗೆ ಅಡ್ಡ ಕಟ್ಟಿಕೊಂಡು, ಅದರ ಹಿಂದೆ ನೀರು ತುಂಬಿ, ಕಟ್ಟು ಒಡೆದರೆ? ಆಗ ನೀರು ಮೆಲ್ಲಗೆ ಬರುವುದಿಲ್ಲ. ಹೂವಿನ ಹಾಗೇ ಒಮ್ಮೆಲೇ ಬರುತ್ತದೆ!

ಮೋರಿಗೆ ಓಡಿ ನೋಡಿ ಬರುವಷ್ಟು ಹೊತ್ತಿರಲಿಲ್ಲ. ಇರುವ ಹೊತ್ತೇ ಒಂದು ಚಹಾದಷ್ಟು, ಅದರಲ್ಲಿ ಆಗಲೇ ಒಂದಷ್ಟು ಕಳೆದಿತ್ತು. ಸೈರನನ್ನು ಫೋನಿನಿಂದಲೇ ಕೂಗಿಸುವ ಗುಂಡಿ ಇತ್ತು. ಒತ್ತಿ ನೀರು ಬರದಿದ್ದರೆ ಪೆಟ್ಟಿಗೆಯನ್ನು ಇವತ್ತೇ ಬಿಚ್ಚುತ್ತಾರೆ. ಮುಂದೆ ಯಾರೂ ಅದರ ಮಾತು ಕೇಳುವುದಿಲ್ಲ. ಒತ್ತದೆ ನೀರು ಬಂದರೆ... ಬಾಗಿಲಾಚೆ ಅತ್ತೆ ಅದೇ ಅಂಚಿನಲ್ಲಿ, ಮಡಚಲಾಗದ ಕಾಲನ್ನು ಚಾಚಿಕೊಂಡು ಹೂ ಕಟ್ಟುತ್ತ ಕುಳಿತಿದ್ದಳು.

ಸೋಪಿನ ಹೆಬ್ಬೆರಳು ಮೊದಲ ಸಲ ಜಾರಿತು. ಎರಡನೆಯ ಸಲ ಒತ್ತಿದಳು.

ಸೈರನ್ ಕೂಗಿತು. ಅವಳು ಒದ್ದೆ ಮಗುವನ್ನು ಟವೆಲಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಬರಿಗಾಲಲ್ಲೇ ಓಣಿಗೆ ಬಂದಳು. "ಏಳ್ರಿ! ನೀರು ಬರಾಕ ಹತ್ತೈತಿ, ಏಳ್ರಿ!"

ಒಬ್ಬರೂ ಏಳಲಿಲ್ಲ. ಸಂಜೆಯ ಬಸ್ಸಿಗೆ ಕಳಿಸುವ ಹೂ ಇನ್ನೂ ಅರ್ಧವಷ್ಟೇ ಕಟ್ಟಿ ಆಗಿತ್ತು. ಎಲ್ಲರ ಕೈಯೂ ದಾರದಲ್ಲಿತ್ತು, ಎಲ್ಲರ ಬಾಯಲ್ಲೂ ನಗುವಿತ್ತು.

"ಇವತ್ತ ಯಾರ ಪೂಜಿ ಮಾಡಿದ್ರೇ?" ಎಂದು ಮಾರೆಮ್ಮ ಎಂಬ ಹೂವಾಡಗಿತ್ತಿ ಕೂಗಿದಳು.

"ನಾನಲ್ಲವ್ವ. ನಾ ಇನ್ನೂ ಮಕಾ ತೊಳದಿಲ್ಲ."

"ಮಾಲಾ ಮಾಡಿರಬೇಕು, ಆಕಿಗೆ ಹೊಸದಾಗಿ ಭಕ್ತಿ ಬಂದೈತಿ."

"ನಾ ಯಾಕ ಮಾಡ್ಲಿ? ನಾ ಮುಂಜಾನಿಂದ ಇಲ್ಲೇ ಅದೀನಿ!" ಎಂದಳು ಮಾಲಾ, ಎಲ್ಲರಿಗಿಂತ ಕಿರಿಯವಳು.

"ಹಂಗಾರ ಜಂಬಕ್ಕನ."

ಎಲ್ಲರೂ ಜಂಬಮ್ಮನ ಕಡೆ ತಿರುಗಿದರು. "ನಾನೂ ಅಲ್ರೇ," ಎಂದಳು ಜಂಬಮ್ಮ. ಅಷ್ಟು ಹೇಳಿ, ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದಳು. "ಮಾರಿ, ನೀ ಅಲ್ಲ?"

"ನಿನ್ನಾಣಿ, ಅಲ್ಲ."

"ನಾಗಲಿಂಗವ್ವ?"

"ಈ ಕಾಲಾಗ ನಾ ಏಣಿ ಇಳೀತೀನೇನು?"

ನಗು ನಿಂತಿತು. ಸೈರನ್ ಒಂದೇ ಕೂಗುತ್ತಿತ್ತು. ಜಂಬಮ್ಮ ಹಲ್ಲಲ್ಲಿ ಕಚ್ಚಿಕೊಂಡಿದ್ದ ದಾರ ಕಡಿದು ಉಗುಳಿದಳು. "ಯಾರೂ ಏರಿಸಿಲ್ಲ ಅಂದ್ಮ್ಯಾಲ ಅದು ಹೂ ಹೆಂಗ ಆಗತೈತ್ರೇ? ಏಳ್ರಿ ಮ್ಯಾಲ!"

ಸಂಜೆಯ ಬಸ್ಸು ಹೋಗುವ ತನಕ ಗೂಟ ಬಡಿದಂತೆ ಕೂರುವ ಜಂಬಮ್ಮ ಎದ್ದು ಬುಟ್ಟಿಯನ್ನು ತಲೆಗೇರಿಸಿದ್ದನ್ನು ಕಂಡ ಮೇಲೆ ಇನ್ನಾರಿಗೂ ಹೇಳುವುದು ಬೇಕಾಗಲಿಲ್ಲ. ಮಾಲಾ ಎರಡು ತಕ್ಕಡಿ ಎತ್ತಿಕೊಂಡಳು. ಮಾರೆಮ್ಮ ಹೂವಿನ ಚೀಲಗಳನ್ನು ಎಳೆದಳು. ಗೀತಾಂಜಲಿ ಟವೆಲಿನ ಗಂಟಿನ ಸಮೇತ ಮಗಳನ್ನು ಮಾರೆಮ್ಮನ ಕಂಕುಳಿಗೆ ತುರುಕಿ, ಅತ್ತೆಯ ಒಂದು ತೋಳಿಗೆ ಕೈಕೊಟ್ಟಳು. ಬುಟ್ಟಿ ಇಳಿಸಿ ಮರಳಿ ಬಂದ ಜಂಬಮ್ಮ ಇನ್ನೊಂದು ತೋಳು ಹಿಡಿದಳು.

"ಈ ಸಲ ಕೂದಲಾ ಹಿಡಿಬ್ಯಾಡ ಮಾರಾಯ್ತಿ!" ಎಂದಳು ನಾಗಲಿಂಗಮ್ಮ.

"ಇದ್ರ ಅಲ್ಲ ಹಿಡಿಯಾಕ!"

ಅವರು ಕಟ್ಟೆಯ ಕೊನೆಯ ಮೆಟ್ಟಿಲು ಹತ್ತುತ್ತಿದ್ದಾಗ ಸದ್ದು ಕೇಳಿಸಿತು. ಲಾರಿಯಿಂದ ಜಲ್ಲಿ ಸುರಿದಂಥ ಸದ್ದು. ತಿರುವಿನಲ್ಲಿ ಮೊದಲು ಕಂಡದ್ದು ನೀರಲ್ಲ, ಕಸ: ತೆಂಗಿನ ಚಿಪ್ಪು, ಥರ್ಮಾಕೋಲ್, ಹರಿದ ಚೀಲ, ಒಂದು ಪ್ಲಾಸ್ಟಿಕ್ ಕುರ್ಚಿ. ಅದರ ಬೆನ್ನಿಗೆ ಕೆಂಪು ನೀರು ಚರಂಡಿಯ ಅಂಚು ದಾಟಿ, ಈಗಷ್ಟೇ ಹೆಂಗಸರು ಹಾಸಿಕೊಂಡು ಕುಳಿತಿದ್ದ ಚೀಲಗಳನ್ನು ಹೊತ್ತುಕೊಂಡು, ಬೇವಿನ ಬುಡ ಸುತ್ತಿ ಹರಿಯಿತು. ಬಿಸಿಲು ಅದರ ಮೇಲೆ ಫಳಫಳ ಹೊಳೆಯುತ್ತಿತ್ತು. ಓಣಿಯಲ್ಲಿ ಒಂದು ಹನಿ ಮಳೆಯಿಲ್ಲ.

ಗೀತಾಂಜಲಿ ಕಟ್ಟೆಯ ಮೇಲೆ ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಅತ್ತೆ ಇದ್ದಾಳೆ. ಜಂಬಕ್ಕ, ಮಾರೆಮ್ಮ, ಮಾರೆಮ್ಮನ ಕಂಕುಳಲ್ಲಿ ಅಮೃತಾ, ಮಾಲಾ, ಮಾಲಾಳ ಹಿಂದೆ ಉಳಿದವರು. ಅಂಚಿನಲ್ಲಿ ಯಾರೂ ಇಲ್ಲ. ಒಬ್ಬರೂ ಇಲ್ಲ! ಅವಳ ಗಂಟಲಿನಿಂದ ನಗುವೋ ಕೂಗೋ ತಿಳಿಯದ ಒಂದು ದನಿ ಹೊರಟಿತು. ಅಷ್ಟು ಸಾಕಾಯಿತು. ಓಣಿಗೆ ಓಣಿಯೇ ಹೋ ಎಂದು ಕೂಗತೊಡಗಿತು. ಯಾರೋ ಅವಳ ಬೆನ್ನು ಗುದ್ದಿದರು, ಯಾರೋ ಕೆನ್ನೆ ಹಿಂಡಿದರು. ಜಂಬಮ್ಮ ಮಾತ್ರ ನೀರನ್ನೇ ನೋಡುತ್ತ, "ಹುಣಸಿ ಡಬ್ಬಿ ಖರೇನ ನುಡೀತು ನೋಡು" ಎಂದಳು.

"ಡಬ್ಬಿ ನುಡೀಲಿಲ್ಲ ಜಂಬಕ್ಕ," ಎಂದಳು ಗೀತಾಂಜಲಿ. "ನಾ ಅದರ ಬಾಯಿ ಕಟ್ಟಿದ್ದೆ. ಒಮ್ಮಿಗೇ ಹಾರಿದ್ರ ಕೂಗಬ್ಯಾಡ, ನನಗಷ್ಟ ಹೇಳು ಅಂತ."

ಜಂಬಮ್ಮ ತಿರುಗಿದಳು. "ನಿನಗೊಬ್ಬಾಕಿಗೇ ಯಾಕ ಹೇಳಬೇಕು? ನೀ ಮಗಳಿಗೆ ನೀರು ಹಾಕತಿರತಿ, ಹಾಲು ಕುಡಸತಿರತಿ, ಮಲಗಿರತಿ. ನೀ ಫೋನ್ ನೋಡಲಿಲ್ಲ ಅಂದ್ರ ನಾವೆಲ್ಲ ತೇಲಿ ಹೋಗೋದೇನು? ನಾವ್ ನಾಕು ಮಂದಿ ಇಲ್ಲೇ ಅದೀವಲ್ಲ. ನಮಗೂ ಹೇಳಲಿ. ಹೂವೋ ನೀರೋ, ಒಬ್ಬಾಕಿ ಓಡಿ ಹೋಗಿ ನೋಡತೀವಿ, ಉಳದೋರು ಬುಟ್ಟಿ ಎತ್ತತೀವಿ."

ಬೇರೆ ಸೆನ್ಸರ್ ತರಿಸಬೇಕು, ಇನ್ನೊಂದು ಲೆಕ್ಕ ಸೇರಿಸಬೇಕು ಎಂದೆಲ್ಲ ಗೀತಾಂಜಲಿಯ ತಲೆಯಲ್ಲಿ ಓಡುತ್ತಿದ್ದದ್ದು ನಿಂತುಬಿಟ್ಟಿತು. ಎಷ್ಟು ಸುಲಭ! ನೀರು ಇಳಿದ ಮೇಲೆ ಬಂದ ಅರುಣಕುಮಾರ್, ಚರಂಡಿಯ ಗೋಡೆಯ ಮೇಲಿನ ಕೆಂಪು ಗುರುತನ್ನೂ ಕಟ್ಟೆಯ ಮೇಲೆ ಒಂದಿಷ್ಟೂ ಒದ್ದೆಯಾಗದೆ ಕುಳಿತಿದ್ದ ಹೆಂಗಸರನ್ನೂ ನೋಡಿ, ಬಿಚ್ಚುವ ಮಾತೇ ಎತ್ತಲಿಲ್ಲ. ಮೇಲಿನ ಬಡಾವಣೆಯಲ್ಲೂ ಒಂದು ಕೂಡಿಸಲಾದೀತೇ ಎಂದು ಕೇಳಿದರು.

"ಆಗತೈತ್ರಿ ಸಾರ್. ಡಬ್ಬಿ ಮಾತ್ರ ನೀವ ಕೊಡಬೇಕು," ಎಂದು ನಾಗಲಿಂಗಮ್ಮ ಸೊಸೆಗಿಂತ ಮೊದಲೇ ಉತ್ತರಿಸಿದಳು. "ನನ್ನ ಅಡಗಿಮನ್ಯಾಗ ಇನ್ನ ಉಳದಿಲ್ಲ."

ಮರುದಿನ ಬೆಳಗ್ಗೆ ಗೀತಾಂಜಲಿ ಜಂಬಮ್ಮನ, ಮಾರೆಮ್ಮನ, ಮಾಲಾಳ ನಂಬರುಗಳನ್ನು ಪೆಟ್ಟಿಗೆಗೆ ಸೇರಿಸಿದಳು. ಜಂಬಮ್ಮನದು ಗುಂಡಿಯೊತ್ತುವ ಹಳೆಯ ಫೋನು, ಓದು ಅವಳಿಗೆ ಬಾರದು. ಅದಕ್ಕಾಗಿ ಸಂದೇಶದ ಬದಲು ಕರೆಯೇ ಬರುವಂತೆ ಮಾಡಿ, ತನ್ನ ದನಿಯನ್ನೇ ಮುದ್ರಿಸಿದಳು. ಅನುಮಾನ ಬಂದರೆ ಒಂದು ಮಾತು, ನೀರು ಏರಿದರೆ ಇನ್ನೊಂದು, ದಿನಾ ಬೆಳಗ್ಗೆ ಪೆಟ್ಟಿಗೆ ಎಚ್ಚರವಾಗಿದೆಯೆಂದು ತಿಳಿಸಲು ಮತ್ತೊಂದು. ಮುದ್ರಿಸುವಾಗ ಅಮೃತಾ ಹಿಂದೆ ನಿಂತು ಅತ್ತದ್ದೂ ಅದರಲ್ಲಿ ಸೇರಿಕೊಂಡಿತು. ಇರಲಿ ಎಂದು ಬಿಟ್ಟಳು.

ಓಣಿ ಆಗಷ್ಟೇ ತುಂಬುತ್ತಿತ್ತು. ಹೆಂಗಸರು ಹೂಳು ಗುಡಿಸಿ, ಹೊಸ ಚೀಲ ಹಾಸುವುದೋ ಬೇಡವೋ ಎಂದು ಮೋಡ ನೋಡುತ್ತ ನಿಂತಿದ್ದರು. ಜಂಬಮ್ಮನ ಎಲೆಅಡಿಕೆಯ ಚೀಲದೊಳಗೆ ಫೋನು ಗುಯ್‌ಗುಟ್ಟಿತು. ಅವಳು ಸುಣ್ಣದ ಡಬ್ಬಿ, ಅಡಕತ್ತರಿ ಎಲ್ಲ ಹೊರಗೆ ತೆಗೆದು, ಕೊನೆಗೆ ಫೋನನ್ನು ಕಿವಿಗೆ ಹಿಡಿದು, ಊರಿಗೆಲ್ಲ ಕೇಳುವಂತೆ, "ಹಲೋ, ಯಾರ್ರೀ ಮಾತಾಡೋದು?" ಎಂದಳು.

ಪೆಟ್ಟಿಗೆ ಹೇಳುವುದನ್ನು ಹೇಳಿತು. ಜಂಬಮ್ಮ ಗಂಭೀರವಾಗಿ ಕೇಳಿದಳು. "ಹೂಂ," ಎಂದಳು. "ಹೂಂ. ಆತು. ಇಡು." ಫೋನನ್ನು ಚೀಲಕ್ಕೆ ಹಾಕಿ, ಕಾದು ನಿಂತಿದ್ದವರ ಕಡೆ ತಿರುಗಿದಳು.

"ನೀರಿಲ್ಲಂತ. ಕುಂದರ್ರಿ."

ಎಲ್ಲರೂ ಕುಳಿತರು.